ಆರು ಎಸೆತದ ಕೊಸರು

ಅಯ್ಯೋ ಪಾಪ ಅನ್ನುವವರು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಬೈದರೆ ತಿರುಗಿ ಬೈಯಬಹುದು, ಕನಿಕರಕ್ಕೆ ಏನು ಮಾಡುವುದು? ಶಿರಹಟ್ಟಿ ರಸ್ತೆಯಲ್ಲಿ ಬೈಕ್ ಜಾರಿ ಬಲಭುಜದ ಎಲುಬು ಮುರಿದ ಮೇಲೆ ತಿಂಗಳುಗಟ್ಟಲೆ ಮನೆಯಲ್ಲಿ ಅದೇ ಆಯಿತು. ಮಾತಾಡಿಸಲು ಬಂದವರು ಬಾಳೆಹಣ್ಣು ಇಟ್ಟು, ನನ್ನ ಕೈ ನೋಡಿ, ಲೊಚಗುಟ್ಟಿ ಹೋಗುತ್ತಿದ್ದರು. ಎಲುಬು ಕೂಡಿತು, ಕೈ ಮಾತ್ರ ಭುಜದ ಮಟ್ಟಕ್ಕಿಂತ ಮೇಲೆ ಏಳಲಿಲ್ಲ.

ನನಗಿದ್ದ ಆಸೆ ಒಂದೇ, ಬೆಳಗಿನ ಆಟಕ್ಕೆ ಮರಳಬೇಕು. ಮುಂಡರಗಿ ಕಡೆ ಹೋಗುವ ದಾರಿಯಲ್ಲಿ, ಊರು ದಾಟಿದ ಕೂಡಲೇ ಒಂದು ಬಯಲು. ಅಲ್ಲಿನ ಬೇವಿನ ಮರಗಳಿಗೆ ಬಿದಿರಿನ ಬುಟ್ಟಿ ಕಟ್ಟಿದ್ದೇವೆ. ಪ್ಲಾಸ್ಟಿಕ್ ತಟ್ಟೆಯನ್ನು ದೂರದಿಂದ ಎಸೆದು, ಬಿದ್ದಲ್ಲಿಂದ ಮತ್ತೆ ಎಸೆದು, ಬುಟ್ಟಿಗೆ ಹಾಕಬೇಕು. ಎಲ್ಲ ಬುಟ್ಟಿ ಮುಗಿದಾಗ ಯಾರ ಎಸೆತ ಕಡಿಮೆಯೋ ಅವರದೇ ಗೆಲುವು. ಡಿಸ್ಕ್ ಗಾಲ್ಫ್ ಅನ್ನುತ್ತಾರಂತೆ, ನಮಗೆ ಅದು ತಾಟಿನ ಆಟ. ಆಡುವವರು ಮೂವರು: ನಾನು, ಲಕ್ಷ್ಮೇಶ್ವರದಿಂದ ಬಂದು ಬೆಟಗೇರಿಯಲ್ಲಿ ಹಣ್ಣಿನ ಅಂಗಡಿ ಹಾಕಿದ ನನ್ನ ಹಳೆಯ ದೋಸ್ತ, ಮತ್ತು ಬಸ್ ಓಡಿಸಿ ನಿವೃತ್ತನಾದ ಹಿರೇವಡ್ಡಟ್ಟಿಯ ಡ್ರೈವರ್. ಸೋತವನು ಮಂಡಕ್ಕಿ ಕಲಸಿದ ಗಿರ್ಮಿಟ್ಟು, ಚಹಾ ಕೊಡಿಸಬೇಕು. ತಿಂದು ಮುಗಿಯುವ ತನಕ ಉಳಿದವರ ಮಾತೂ ಕೇಳಬೇಕು.

ಮರಳಿದ ದಿನ ಎಡಗೈಯಿಂದ ಎಸೆದೆ. ಬುಟ್ಟಿಯ ಕಡೆ ಬಿಟ್ಟು ತಾಟು ಎಲ್ಲ ಕಡೆಗೂ ಹೋಯಿತು. ಆದರೂ ಗೆದ್ದೆ. ಮರುದಿನವೂ ಗೆದ್ದೆ. ಕಣ್ಣು ಮುಚ್ಚಿ ಬುಟ್ಟಿಗೆ ಹಾಕುತ್ತಿದ್ದ ಹಣ್ಣಿನವನು ಒಂದು ಮಾರು ದೂರದಿಂದ ತಪ್ಪುತ್ತಿದ್ದ. ಡ್ರೈವರ್, "ಇವತ್ತ ಗಾಳಿ ಭಾಳ ಐತಿ" ಅಂದ. ಬೇವಿನ ಎಲೆ ಒಂದೂ ಅಲುಗುತ್ತಿರಲಿಲ್ಲ. ಆಮೇಲೆ ಇಬ್ಬರೂ ಮೆತ್ತಗಿನ ದನಿಯಲ್ಲಿ, "ಭುಜ ಹೆಂಗೈತಿ?" ಅಂತ ಕೇಳಿದರು. ಇವರೂ ಬಾಳೆಹಣ್ಣು ಹಿಡಿದುಕೊಂಡೇ ಬಂದಿದ್ದಾರೆ ಅನ್ನಿಸಿತು. ಗಿರ್ಮಿಟ್ಟಿನ ತಟ್ಟೆ ಅರ್ಧಕ್ಕೇ ಬಿಟ್ಟೆ.

ಮೂರನೆಯ ದಿನ ತಾಟು ನೆಲಕ್ಕೆ ಒಗೆದೆ.

"ಲೇ, ನಿನ್ನ ಅಂಗಡ್ಯಾಗ ತಕ್ಕಡಿಗೆ ಬೆರಳು ಹಚ್ತೀಯೇನು?"

ಹಣ್ಣಿನವನ ಮುಖ ಕೆಂಪಾಯಿತು. "ನಮ್ಮ ಅಬ್ಬಾನ ಕಾಲದಿಂದ ಯಾರೂ ಹಂಗ ಅಂದಿಲ್ಲ."

"ಇಲ್ಲಿ ಹಚ್ಚಾಕತ್ತೀಯಲ್ಲ. ನನ್ನ ಕಡೆ ಹಚ್ಚಿದ್ರೂ ಅದು ಮೋಸಾನ. ನಾಳಿಯಿಂದ ನಾ ಬರಂಗಿಲ್ಲ."

ಅವನು ನನ್ನ ತಾಟು ಎತ್ತಿ ಮಣ್ಣು ಒರೆಸುತ್ತ, "ನೀ ಬರೂದು ಬಿಡಬಾರದಂತ ಹಂಗ ಮಾಡಿದ್ವಿ. ದಿನಾ ಸೋತ್ರ ಬರ್ತಿದ್ದಿಯೇನು?" ಅಂದ.

ಡ್ರೈವರ್ ನಡುವೆ ಬಾಯಿ ಹಾಕಿದ. "ತೂಕ ಸರಿ ಮಾಡಿ ಎಲ್ಲಾರ ಮುಂದ ಕೊಸರು ಹಾಕಿದ್ರ ಅದೇನು ಮೋಸ ಅಲ್ಲಲ್ಲ?"

ಸಂತೆಯಲ್ಲಿ ತೂಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರಲ್ಲ, ಆ ಕೊಸರು. ಅಲ್ಲೇ ಚೌಕಾಸಿ ಶುರುವಾಯಿತು. ಒಂದು ವಾರ ಸೋಲು ಗೆಲುವು ಲೆಕ್ಕಕ್ಕೆ ಹಿಡಿಯದೆ ಎಲ್ಲರೂ ಮನಸ್ಸಿಟ್ಟು ಎಸೆದು ನೋಡಿದೆವು. ನಾನು ಹೆಚ್ಚುಕಡಿಮೆ ಆರು ಎಸೆತ ಹಿಂದೆ ಬೀಳುತ್ತಿದ್ದೆ. ಹಾಗಾಗಿ ನನ್ನ ಎಣಿಕೆಯಿಂದ ಆರು ಕಳೆಯುವುದು ಅಂತ ಆಯಿತು. ಬದಲಿಗೆ ಯಾರೂ ಬೇಕಂತ ತಪ್ಪುವಂತಿಲ್ಲ. ನಾನು ಮೇಲಿಂದ ಮೇಲೆ ಗೆದ್ದರೆ ಕೊಸರು ಇಳಿಯುತ್ತದೆ, ಸೋತರೆ ಏರುತ್ತದೆ.

ಕೊಸರಿನ ಮೊದಲ ಆಟದಲ್ಲಿ ಡ್ರೈವರ್ ಬೇಗ ಹಿಂದೆ ಬಿದ್ದ. ಕೊನೆಯ ಬುಟ್ಟಿಗೆ ನಾನು ಹಾಕಿ ಮುಗಿಸಿದ್ದೆ. ಹಣ್ಣಿನವನ ತಾಟು ಬಿದ್ದರೆ ಅವನು ಗೆಲ್ಲುತ್ತಾನೆ, ತಪ್ಪಿದರೆ ಸಮ. ನನಗೆ ದಿಗಿಲಾಯಿತು. ಸೋಲುತ್ತೇನೆಂದಲ್ಲ, ಎಲ್ಲಿ ಇವನು ಮತ್ತೆ ಪಾಪ ಅಂತ ತಪ್ಪಿಸಿಬಿಡುತ್ತಾನೋ ಎಂದು. ಅವನು ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ಕಾಲು ಗಟ್ಟಿಯಾಗಿ ಊರಿ ಎಸೆದ.

ತಾಟು ಬುಟ್ಟಿಯೊಳಗೆ ಹೋಗಿ ಕುಳಿತಿತು. "ಆರು ಕೊಸರು ತಿಂದೂ ಸೋತಿ ನೋಡ್ಲೇ" ಅಂತ ಅವನು ಬಯಲ ತುಂಬ ಕುಣಿದ. ನನಗೆ ಮೈಯೆಲ್ಲ ಹಗುರಾಯಿತು. ಎಷ್ಟೋ ತಿಂಗಳ ಮೇಲೆ ಒಬ್ಬರು ನನ್ನನ್ನು ಸೋಲಿಸಿದ್ದರು. ಲೆಕ್ಕಕ್ಕೆ ಕೊನೆಯವನು ಡ್ರೈವರ್ ಆಗಿದ್ದರೂ ಗಿರ್ಮಿಟ್ಟು ನಾನೇ ಕೊಡಿಸಿದೆ, ಇನ್ನೊಂದು ತಟ್ಟೆ ತಿಂದೆ.

ಎಡಗೈ ಪಳಗಿತು. ಕೊಸರು ಐದಾಯಿತು, ನಾಲ್ಕಾಯಿತು. ಮೊನ್ನೆ ಮೂರಕ್ಕೆ ಇಳಿಸುತ್ತೇವೆ ಅಂದಾಗ ನಾನು ಜಗಳ ತೆಗೆದೆ. "ಕೊಟ್ಟಾಂವ ಕೋಡಂಗಿ, ಇಸ್ಕೊಂಡಾಂವ ಈರಭದ್ರ" ಅಂತ ಹಣ್ಣಿನವನು ಹಂಗಿಸಿದ. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಕೊನೆಗೆ ಮೂರೇ ಆಯಿತು.

ಮನೆಗೆ ಬಂದು ಹೆಂಡತಿಯ ಮುಂದೆ ಇಬ್ಬರನ್ನೂ ಬಾಯಿಗೆ ಬಂದಂತೆ ಬೈದೆ. ಅವಳು ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು.

"ಭುಜ ಹೆಂಗೈತಿ ಅಂತ ಕೇಳಿದ್ರೇನ್ರಿ?"

ಕೇಳಿರಲಿಲ್ಲ. ಇಡೀ ಬೆಳಗ್ಗೆ ನನಗೂ ಅದರ ನೆನಪಾಗಿರಲಿಲ್ಲ.