ಮಾಸ್ಟ್ರು ಹೇಳಿದ್ದೇನೆಂದರೆ

ನಮ್ಮ ಇಂಗ್ಲಿಷ್ ಮಾಸ್ಟ್ರ ಕುತ್ತಿಗೆಗೆ ಸದಾ ಒಂದು ಇಸ್ತ್ರಿ ಹಾಕಿದ ಬಿಳಿ ಕರವಸ್ತ್ರ ಸುತ್ತಿರುತ್ತಿತ್ತು. ಅವರು ಮಾತಾಡುವಾಗ ಕರವಸ್ತ್ರ ಏರಿಳಿಯುತ್ತಿತ್ತು, ತುಟಿ ಅಲುಗುತ್ತಿತ್ತು, ಸ್ವರ ಮಾತ್ರ ಮೊದಲ ಬೆಂಚಿನವರೆಗೂ ಬರುತ್ತಿರಲಿಲ್ಲ. ಮಣಿಪಾಲದಲ್ಲಿ ಗಂಟಲಿನ ಆಪರೇಷನ್ ಮಾಡಿಸಿಕೊಂಡು ಅವರು ಕೆಲಸಕ್ಕೆ ಮರಳಿದ ವರ್ಷವೇ ನಾನು ಕಾಪುವಿನ ಹತ್ತಿರದ ಆ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಗೆ ಬಂದದ್ದು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅವರಿಗೆ ಅದು ನಿವೃತ್ತಿಯ ವರ್ಷ. ರಜೆ ಹಾಕಿ ಮನೆಯಲ್ಲಿ ಕೂರಬಹುದಿತ್ತು, ಆದರೆ ಕೂರುವ ಮನುಷ್ಯ ಅವರಲ್ಲ.

ನನ್ನದು ಊರಿಗೇ ಕೇಳುವ ಗಂಟಲು. ಅಪ್ಪನ ಗೋಲಿಸೋಡಾ ಅಂಗಡಿಯಲ್ಲಿ ಗಿರಾಕಿಗಳ ಗದ್ದಲದ ನಡುವೆ ಕೂಗಿ ಕೂಗಿ ಬಂದದ್ದು. ಸರ್ ಮೊದಲ ದಿನವೇ ಬೆರಳಿನಿಂದ ಕರೆದು ನನ್ನನ್ನು ತಮ್ಮ ಕುರ್ಚಿಯ ಪಕ್ಕ ನಿಲ್ಲಿಸಿಕೊಂಡರು. ಅವರು ನನ್ನ ಕಿವಿಯಲ್ಲಿ ಪಿಸುಗುಟ್ಟುವುದು, ನಾನು ತರಗತಿಗೆ ಹೇಳುವುದು. ಅವರ ಪಿಸುಮಾತಿಗೆ ಲವಂಗದ ವಾಸನೆ ಇತ್ತು.

ಅವರು ಮೊದಲು ಪಿಸುಗುಟ್ಟಿದ್ದು "ಐ ಆಮ್ ಥರ್ಸ್ಟಿ" ಎಂದು. ನಾನು ಹಾಗೆಯೇ ಗಟ್ಟಿಯಾಗಿ ಒದರಿದೆ. ಮೊದಲ ಬೆಂಚಿನ ಹುಡುಗಿ ಓಡಿಹೋಗಿ ಮಡಕೆಯಿಂದ ನೀರು ತಂದು ನನ್ನ ಕೈಗೆ ಕೊಟ್ಟಳು. "ನನಗಲ್ಲ ಮಾರಾಯ್ತಿ, ಸರ್‌ಗೆ!" ಎಂದೆ. ಸರ್ ಸದ್ದಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀರು ಕುಡಿದು, ಬೋರ್ಡಿನ ಮೇಲೆ ದೊಡ್ಡದಾಗಿ 'ಇನ್‌ಡೈರೆಕ್ಟ್ ಸ್ಪೀಚ್' ಎಂದು ಬರೆದರು. ಅಲ್ಲಿಂದ ಮುಂದೆ ವರ್ಷಪೂರ್ತಿ ನಾನು ಹೇಳಬೇಕಾದದ್ದು 'ಸರ್ ಸೆಡ್ ದ್ಯಾಟ್' ಎಂದೇ. ಕಿಟಕಿ ಮುಚ್ಚುವುದರಿಂದ ಹಿಡಿದು ಪದ್ಯದ ಅರ್ಥದವರೆಗೆ ಎಲ್ಲವೂ ಹಾಗೆಯೇ. ಬೇರೆ ಶಾಲೆಯವರು ವಾರಗಟ್ಟಲೆ ಬಾಯಿಪಾಠ ಮಾಡುತ್ತಿದ್ದ ಆ ವ್ಯಾಕರಣ ನಮಗೆ ಗೊತ್ತಿಲ್ಲದೆಯೇ ನಾಲಿಗೆಗೆ ಹತ್ತಿತು.

ಒಮ್ಮೆ ನಾನು ಮೋಸ ಮಾಡಿದೆ. ನನ್ನನ್ನು 'ಸೋಡಾ' ಎಂದು ಕರೆಯುತ್ತಿದ್ದ ಹುಡುಗನೊಬ್ಬ ಮನೆಗೆಲಸ ಬರೆದಿರಲಿಲ್ಲ. ನಾಳೆ ಬರೆದು ತರಲಿ ಎಂದಷ್ಟೇ ಸರ್ ಪಿಸುಗುಟ್ಟಿದ್ದರು. ಅವನು ಕತ್ತೆ ಎಂದೂ ಹತ್ತು ಸಲ ಬರೆಯಬೇಕೆಂದೂ ಸರ್ ಹೇಳಿದ್ದಾರೆ ಎಂದು ನಾನು ಸಾರಿದೆ. ಸರ್ ಮುಖ ಗಂಟಿಕ್ಕಿಕೊಂಡರು. ಕಿವಿಯ ಹತ್ತಿರ ಬಗ್ಗಿ, "ನನ್ನಲ್ಲಿ ಉಳಿದಿರುವುದೇ ಇಷ್ಟು ಸ್ವರ. ಅದಕ್ಕೂ ಕಲಬೆರಕೆ ಮಾಡುತ್ತೀಯಾ? ಕೂಡಿಸಬಾರದು, ಬಿಡಬಾರದು. ಇದನ್ನೂ ಅವರಿಗೆ ಹೇಳು" ಎಂದರು. ನನ್ನ ಕಳ್ಳತನವನ್ನು ನಾನೇ ನಾಚಿಕೆಯಿಂದ ಇಡೀ ತರಗತಿಗೆ ವರದಿ ಮಾಡಿದೆ. ಆಮೇಲೆ ಅವರ ಮಾತಿಗೆ ಒಂದು ಅಕ್ಷರ ಸೇರಿಸಿದವಳಲ್ಲ.

ಆ ವರ್ಷ ನನಗೂ ಶಾಲೆಯ ಕೊನೆಯ ವರ್ಷ. ಹತ್ತನೆಯದ್ದು ಮುಗಿದ ಕೂಡಲೇ ಅಮ್ಮನ ಪಕ್ಕದಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ಇನ್ನೊಂದು ತಡ್ಪೆ ಇಟ್ಟು ನನ್ನನ್ನು ಬೀಡಿ ಕಟ್ಟಲು ಕೂರಿಸುವುದೆಂದು ಅಪ್ಪ ತೀರ್ಮಾನಿಸಿಯಾಗಿತ್ತು. ನನಗೆ ಉಡುಪಿಗೆ ಹೋಗಿ ಕಾಲೇಜು ಓದುವ ಹುಚ್ಚು ಆಸೆ. ಊರಿಗೇ ಕೇಳುವ ಗಂಟಲಿದ್ದರೂ ಅಪ್ಪನ ಎದುರು ಆ ಒಂದು ಮಾತು ಹೊರಡುತ್ತಿರಲಿಲ್ಲ. ಸರ್ ಒಬ್ಬರಿಗೆ ಮಾತ್ರ ಹೇಳಿಕೊಂಡಿದ್ದೆ. ಅವರು ಕೇಳಿಸಿಕೊಂಡು ಮತ್ತೆ ಕಾಪಿ ಪುಸ್ತಕ ತಿದ್ದತೊಡಗಿದರು. ನನಗೆ ಆಗ ಸ್ವಲ್ಪ ಸಿಟ್ಟೇ ಬಂದಿತ್ತು.

ಪರೀಕ್ಷೆಯಲ್ಲಿ ನಮ್ಮ ತರಗತಿಯಲ್ಲಿ ಇಂಗ್ಲಿಷಿಗೆ ಒಬ್ಬರೂ ಡುಮ್ಕಿ ಹೊಡೆಯಲಿಲ್ಲ, ಆ 'ಕತ್ತೆ'ಯೂ ಸಹ! ಸ್ವರವಿಲ್ಲದ ಮಾಸ್ಟ್ರು ಎಂತ ಕಲಿಸುವುದು ಎಂದು ಆಡಿಕೊಂಡವರೇ ಅವರ ವಿದಾಯ ಸಮಾರಂಭಕ್ಕೆ ಚಪ್ಪರ ಕಟ್ಟಿದರು. ಬಾಡಿಗೆಯ ಮೈಕು ಬಂತು. ಸರ್ ಪಕ್ಕದಲ್ಲಿ ನಾನು ನಿಂತೆ. ಹೆಡ್‌ಮಾಸ್ಟ್ರಿಗೆ, ಗಂಟೆ ಹೊಡೆಯುವವನಿಗೆ, ಮಣಿಪಾಲದ ಡಾಕ್ಟರಿಗೆ ಅವರು ಪಿಸುಗುಟ್ಟಿದ ವಂದನೆಗಳನ್ನೆಲ್ಲ ಒಂದೊಂದಾಗಿ ಸಭೆಗೆ ದಾಟಿಸಿದೆ. ಆಮೇಲೆ ಅವರು ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಅಪ್ಪನನ್ನೊಮ್ಮೆ ನೋಡಿ, ಮೈಕನ್ನು ಅಂಗೈಯಿಂದ ಮುಚ್ಚಿ ನನ್ನ ಕಿವಿಗೆ ಬಗ್ಗಿದರು.

"ನನ್ನದು ಮುಗಿಯಿತು. ಇನ್ನು ನಿನಗೆ ಹೇಳಲಿಕ್ಕಿರುವುದನ್ನು ನನ್ನ ಹೆಸರಿನಲ್ಲಿ ಹೇಳು."

ನಾನೂ ಪಿಸುಗುಟ್ಟಿದೆ: "ಕೂಡಿಸಬಾರದು ಅಂತ ನೀವೇ ಹೇಳಿದ್ದಲ್ವಾ ಸರ್?"

"ಇವತ್ತು ಕೂಡಿಸು."

ಅಂಗೈ ತೆಗೆದರು. ನಾನು ಕಣ್ಣು ಮುಚ್ಚಿಕೊಂಡು ಹೇಳಿದೆ: "ಸರ್ ಹೇಳುತ್ತಿದ್ದಾರೆ, ಸೋಡಾ ಅಂಗಡಿಯವರ ಮಗಳು ಚೆನ್ನಾಗಿ ಓದುತ್ತಾಳೆ ಎಂದು. ಅವಳನ್ನು ಉಡುಪಿಯ ಕಾಲೇಜಿಗೆ ಕಳಿಸಬೇಕು, ಬೀಡಿ ಕಟ್ಟಲು ಕೂರಿಸಬಾರದು ಎಂದು ಅವಳ ತಂದೆಯ ಹತ್ತಿರ ಕೇಳಿಕೊಳ್ಳುತ್ತಿದ್ದಾರೆ." ಕಣ್ಣು ಬಿಟ್ಟರೆ ಸರ್ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು, ಎರಡೂ ಕೈ ಮುಗಿದಿದ್ದರು.

ಅಪ್ಪ ಎದ್ದು ನಿಂತರು. ನಮ್ಮ ಮನೆಮಾತು ತುಳು. ಸಭೆಯಾದ್ದರಿಂದ ಅವರು ತಡವರಿಸುತ್ತಾ ಕನ್ನಡಕ್ಕೆ ಇಳಿದರು. "ಮಾಸ್ಟ್ರಿಗೆ ಹೇಳು, ಅವರು ಇಷ್ಟು ಜನರ ಎದುರು ಕೈ ಮುಗಿದ ಮೇಲೆ ನನಗೆ ಬೇರೆ ಮಾತು ಇಲ್ಲ ಅಂತ. ಕಳಿಸ್ತೇನೆ ಅಂತ ಹೇಳು." ಸರ್ ಕಿವಿಗೆ ಏನೂ ಆಗಿರಲಿಲ್ಲ, ಇಬ್ಬರ ನಡುವೆ ಹತ್ತು ಹೆಜ್ಜೆ ದೂರ ಅಷ್ಟೆ. ಆದರೂ ನಾನು ತಿರುಗಿ, "ಸರ್, ಅಪ್ಪ ಕಳಿಸುತ್ತಾರಂತೆ" ಎಂದೆ. ಚಪ್ಪರ ಹಾರಿಹೋಗುವಷ್ಟು ಚಪ್ಪಾಳೆ ಬಿತ್ತು. ಸರ್ ಕುತ್ತಿಗೆಯ ಕರವಸ್ತ್ರ ಬಿಚ್ಚಿ ಕಣ್ಣೊರೆಸಿಕೊಂಡರು. ಅವರ ಗಂಟಲಿನ ಗಾಯವನ್ನು ನಾನು ನೋಡಿದ್ದು ಆಗಲೇ.

ಓದು ಮುಗಿಸಿ ಕಾರ್ಕಳದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿ ಸೇರಿದ ವಾರ ನಾನು ಸರ್ ಮನೆಗೆ ಹೋಗಿದ್ದೆ. "ಅವತ್ತು ನಿಮ್ಮ ಹೆಸರಿನಲ್ಲಿ ಸುಳ್ಳು ಹೇಳಿದೆ ಸರ್" ಎಂದೆ. "ಸುಳ್ಳು ಎಂತದ್ದು? ನಾನು ಹೇಳಬೇಕೆಂದು ಇದ್ದದ್ದನ್ನೇ ಹೇಳಿದೆ ನೀನು" ಎಂದು ಪಿಸುಗುಟ್ಟಿದರು. ಅದರ ಮರುವರ್ಷ ಅವರು ತೀರಿಕೊಂಡರು.

ಅಪ್ಪ ಮಾತ್ರ ಕೊನೆಯವರೆಗೂ ಅಂಗಡಿಗೆ ಬಂದವರಿಗೆಲ್ಲ ಸೋಡಾ ಒಡೆದು ಕೊಡುತ್ತಾ ಹೇಳುತ್ತಿದ್ದರು: "ಅಷ್ಟು ದೊಡ್ಡ ಮಾಸ್ಟ್ರು ಸ್ವತಃ ನನ್ನಲ್ಲಿ ಕೇಳಿಕೊಂಡದ್ದು, ಮಗಳನ್ನು ಓದಿಸಿ ಅಂತ. ಅಲ್ವಾ ಮಗಾ?"

"ಹೌದಪ್ಪಾ, ಸರ್ ಹಾಗೆಯೇ ಹೇಳಿದ್ದು" ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ.