ಕೈಯಕ್ಕ ಸೇರಿಸಿದ ಒಂದು ಮಾತು

ಸಭೆಯಲ್ಲಿ ಅವಳನ್ನು ಎಲ್ಲರೂ ಕೈಯಕ್ಕ ಅಂತಲೇ ಕರೆಯುತ್ತಿದ್ದರು. ವಾರವೆಲ್ಲ ಅವಳು ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಅಲ್ಲಿ ಕಿಟಕಿ ಇರಲಿಲ್ಲ. ಬರೀ ಹಬೆ, ಸಾಬೂನಿನ ಘಾಟು. ಬಿಸಿ ಉರುಳೆಗಳ ನಡುವೆ ಬಿಳಿ ಬಟ್ಟೆ ತೂರಿಸುತ್ತಾ ನಿಂತರೆ ಹೊರಗೆ ಬಿಸಿಲೋ ಮಳೆಯೋ ತಿಳಿಯುತ್ತಿರಲಿಲ್ಲ. ಭಾನುವಾರ ಮಾತ್ರ ಆ ಕೈಗಳಿಗೆ ಬೇರೆ ಕೆಲಸ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕ್ರೈಸ್ತರ ಸಭೆ ಸೇರುತ್ತಿತ್ತು. ಅವಳು ಪಾಸ್ಟರಿಗೆ ಬೆನ್ನು ಹಾಕಿ, ಮೊದಲ ಬೆಂಚಿಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಪಾಸ್ಟರ್ ಬಾಯಲ್ಲಿ ಹೇಳಿದ್ದನ್ನು ಅವಳು ಕೈಯಲ್ಲಿ ಹೇಳುವುದು.

ಕೇಳುವವರು ಇಬ್ಬರೇ. ಒಬ್ಬ ಅವಳ ತಮ್ಮ. ತೊಟ್ಟಿಲು ಬಿಡುವ ವಯಸ್ಸಿನಲ್ಲೇ ಜ್ವರಕ್ಕೆ ಕಿವಿ ಕಳಕೊಂಡವನು, ಈಗ ಮರಗೆಲಸದ ಶೆಡ್ಡೊಂದರಲ್ಲಿ ಕುರ್ಚಿ ಮೇಜುಗಳಿಗೆ ಪಾಲಿಶ್ ಹಾಕುವವನು. ಇನ್ನೊಬ್ಬರು ನಡುವಯಸ್ಸಿನಲ್ಲಿ ಕಿವುಡಾದ ಟೀಚರಮ್ಮ. ಇವರಿಗೆ ತುಟಿ ನೋಡಿ ಮಾತು ಹಿಡಿಯುವುದು ಗೊತ್ತಿತ್ತು, ಆದರೆ ಪಾಸ್ಟರ ಮೀಸೆ ದಪ್ಪ. "ಆ ಮೀಸೆಯೊಳಗಿಂದ ಸುವಾರ್ತೆ ಹೊರಗೆ ಬರೋಲ್ಲ ಕಣೇ," ಅಂತ ನಕ್ಕು ಅವರೂ ಕೈಯಕ್ಕನ ಕೈಯನ್ನೇ ನೋಡುತ್ತಾ ಅಷ್ಟಿಷ್ಟು ಸನ್ನೆ ಕಲಿತುಕೊಂಡಿದ್ದರು.

ಕೈಮಾತು ಈ ಮನೆಗೆ ಬಂದದ್ದು ಅಪ್ಪನಿಂದ. ಅಪ್ಪ ಸ್ಟೌ ರಿಪೇರಿಯವನು. ಬೀದಿ ತಿರುವಿನಲ್ಲಿ ಒಂದು ಗೂಡಂಗಡಿ, ಒಳಗೆ ಬರ್ನರು, ವಾಷರು, ಸೀಮೆಎಣ್ಣೆ ವಾಸನೆ. ಹೆಂಡತಿ ಬೇಗ ತೀರಿಕೊಂಡ ಮೇಲೆ ಎರಡು ಮಕ್ಕಳನ್ನೂ ಅಂಗಡಿಯಲ್ಲೇ ಇಟ್ಟುಕೊಂಡು ಬೆಳೆಸಿದ. ಮಗನಿಗೆ ಕಿವಿ ಇಲ್ಲ ಅಂತ ಗೊತ್ತಾದಾಗ ಅತ್ತು ಕೂರಲಿಲ್ಲ, ಯಾರ ಹತ್ತಿರವೂ ಹೋಗಿ ಕಲಿಯಲೂ ಇಲ್ಲ. ತಾನೇ ಒಂದೊಂದಾಗಿ ಸನ್ನೆ ಕಟ್ಟಿದ. ಮೂಗಿನ ಕೆಳಗೆ ಬೆರಳು ಎಳೆದರೆ 'ಅಪ್ಪ': ಮಸಿಗೈಯಲ್ಲಿ ಮೂಗು ಒರೆಸಿಕೊಂಡು ಅವನಿಗೆ ಸದಾ ಒಂದು ಕಪ್ಪು ಮೀಸೆ ಇರುತ್ತಿದ್ದದ್ದಕ್ಕೆ. ಎರಡೂ ಅಂಗೈ ಉಜ್ಜಿ ಕೊಡವಿದರೆ 'ಸಾಕು, ಮುಗೀತು'. "ನಮ್ಮನೇಲಿ ಕೈಯೇ ಬಾಯಿ. ಅದಕ್ಕೇ ಊಟ ಮಾಡೋವಾಗ ಯಾರೂ ಮಾತಾಡೋ ಹಾಗಿಲ್ಲ," ಅನ್ನುತ್ತಿದ್ದ ಗಿರಾಕಿಗಳಿಗೆ.

ಪಕ್ಕದ ಮನೆಯ ದರ್ಜಿ ಹೆಂಗಸು ಮೊದಲು ಕೈಯಕ್ಕನನ್ನು ಸಭೆಗೆ ಕರೆದುಕೊಂಡು ಹೋದಳು. ಆಮೇಲೆ ಅವಳು ತಮ್ಮನನ್ನು ಕರೆದುಕೊಂಡು ಹೋದಳು. ಸಭೆಯ ಗೋಡೆಗೆ ಒಂದು ಹಲಗೆ: 'ನಾವು ನಂಬುವುದು'. ದೇವರು ಒಬ್ಬನೇ, ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿ ಇರುವವನು. ಗ್ರಂಥದಲ್ಲಿ ತಪ್ಪಿಲ್ಲ. ಮನುಷ್ಯರಲ್ಲಿ ತಪ್ಪಿಲ್ಲದವನಿಲ್ಲ. ಯೇಸು ನಮ್ಮ ಬದಲಿಗೆ ಸತ್ತ, ಎದ್ದ. ರಕ್ಷಣೆ ಕೃಪೆಯಿಂದ, ನಂಬಿಕೆಯಿಂದ. ಪುಣ್ಯದ ಕೆಲಸದಿಂದ ಅಲ್ಲ. ಅವನು ಮತ್ತೆ ಬರುತ್ತಾನೆ. ನಂಬಿದವರಿಗೆ ನಿತ್ಯಜೀವ, ನಂಬದವರಿಗೆ ನಿತ್ಯನಾಶ.

ಈ ದೊಡ್ಡ ಮಾತುಗಳಿಗೆ ಸ್ಟೌ ಅಂಗಡಿಯಲ್ಲಿ ಸನ್ನೆ ಎಲ್ಲಿತ್ತು? ಅಕ್ಕ ತಮ್ಮ ಅಡುಗೆಮನೆಯಲ್ಲಿ ಕೂತು ಹೊಸದಾಗಿ ಹುಟ್ಟಿಸಬೇಕಾಯಿತು. ತ್ರಿಯೇಕ ದೇವರಿಗೆ ಮೂರು ಬೆರಳು ಎತ್ತಿ ಮುಷ್ಟಿಯೊಳಗೆ ಒಂದು ಮಾಡಿದರು. ತಮ್ಮ ಹುಬ್ಬು ಗಂಟಿಕ್ಕಿ, "ಮೂರು ಎಲ್ಲಿ ಹೋಯ್ತು?" ಅಂದ. "ಎಲ್ಲೂ ಹೋಗಿಲ್ಲ, ಒಳಗಿದೆ." "ನಿಂಗೆ ಅರ್ಥ ಆಯ್ತಾ?" "ಇಲ್ಲ. ಪಾಸ್ಟರಿಗೂ ಪೂರ್ತಿ ಆಗಿಲ್ಲವಂತೆ." ಇಬ್ಬರೂ ನಕ್ಕರು. ತಂದೆಯಾದ ದೇವರಿಗೆ ಅಪ್ಪನ ಸನ್ನೆಯನ್ನೇ ಎತ್ತಿಕೊಂಡರು, ಮೂಗಿನ ಕೆಳಗೆ ಬೆರಳೆಳೆದು ಮೇಲಕ್ಕೆ ತೋರಿಸುವುದು.

'ನಮ್ಮ ಬದಲಿಗೆ ಸತ್ತ' ಅನ್ನುವುದು ಮಾತ್ರ ಬಹಳ ದಿನ ಕೈಗೆ ಹತ್ತಲಿಲ್ಲ. ಕೊನೆಗೆ ಅವಳಿಗೊಂದು ಹಳೇ ದಿನ ನೆನಪಾಯಿತು. ತಮ್ಮ ಹುಡುಗನಾಗಿದ್ದಾಗ ಎದುರುಮನೆಯ ಕಾರಿನ ಗಾಜು ಒಡೆದಿದ್ದ. ಆ ಮನೆಯವನು ದೊಣ್ಣೆ ಹಿಡಿದು ಬಂದಾಗ ಅಪ್ಪ ಮಗನನ್ನು ಬೆನ್ನ ಹಿಂದೆ ಸರಿಸಿ, "ಒಡೆದವನು ನಾನೇ," ಅಂತ ನಿಂತು ಭುಜದ ಮೇಲೆ ಏಟು ತಿಂದಿದ್ದ. ಅವಳು ಅದನ್ನೇ ಸನ್ನೆ ಮಾಡಿದಳು: ಒಂದು ಕೈ ಇನ್ನೊಂದನ್ನು ಹಿಂದಕ್ಕೆ ಸರಿಸಿ ಮುಂದೆ ಬಂದು ನಿಲ್ಲುವುದು. ತಮ್ಮ ನೋಡಿದ. ಇನ್ನೊಮ್ಮೆ ಮಾಡು ಅಂದ. ಆಮೇಲೆ ಗೋಡೆಗೆ ತಿರುಗಿ ಕೂತು ಬಿಕ್ಕಿಬಿಕ್ಕಿ ಅತ್ತ. ಆ ತಿಂಗಳೇ ದೀಕ್ಷಾಸ್ನಾನ ಬೇಕು ಅಂತ ಹಟ ಹಿಡಿದ.

ಸ್ನಾನದ ದಿನ ಅಪ್ಪನೂ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲಿ ನಿಂತು ನೋಡಿದ. ಮಗ ನೀರಿನಿಂದ ಎದ್ದಾಗ, "ಶೀತ ಆದೀತು, ತಲೆ ಒರೆಸ್ಕೋ," ಅಂತ ದೂರದಿಂದಲೇ ಕೈಯಲ್ಲಿ ಹೇಳಿದ. ಮಕ್ಕಳ ದೇವರ ಬಗ್ಗೆ ಅವನಿಗೆ ಜಗಳವೂ ಇರಲಿಲ್ಲ, ಆಸೆಯೂ ಇರಲಿಲ್ಲ. "ನನ್ನ ಪಾಡಿಗೆ ನನ್ನನ್ನ ಬಿಡಿ. ನಿಮ್ಮ ದೇವರು ಸಿಕ್ಕಾಗ ಸ್ಟೌ ರಿಪೇರಿಯವನು ಕೇಳ್ದ ಅಂತ ಹೇಳಿ," ಅನ್ನುತ್ತಿದ್ದ. ಕೈಯಕ್ಕ ಆಗ ನಗುತ್ತಿದ್ದಳು. ಇನ್ನೂ ಕಾಲವಿದೆ ಅಂದುಕೊಂಡಿದ್ದಳು.

ಕಾಲ ಇರಲಿಲ್ಲ. ಬದುಕಿಡೀ ಹೊಗೆ ಕುಡಿದ ಎದೆ ಒಂದು ಚಳಿಗಾಲದಲ್ಲಿ ಕೈಕೊಟ್ಟಿತು. ಅವಳೇ ಇಸ್ತ್ರಿ ಹಾಕಿದ ಬಟ್ಟೆಯ ಮೇಲೆ ಅಪ್ಪ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಮಲಗಿದ. ಮಾತಾಡಲು ಉಸಿರು ಸಾಲದೆ ಮಗಳ ಹತ್ತಿರವೂ ಕೈಮಾತೇ ಆಡುತ್ತಿದ್ದ. ತಮ್ಮ ಶೆಡ್ಡಿಗೆ ರಜೆ ಹಾಕಿ ಮಂಚದ ಪಕ್ಕದಿಂದ ಏಳಲಿಲ್ಲ. ಅಪ್ಪ ಕಣ್ಣು ಬಿಟ್ಟಾಗಲೆಲ್ಲ ಅದನ್ನೇ ಹೇಳುವುದು: ಒಂದು ಕೈ ಇನ್ನೊಂದನ್ನು ಹಿಂದೆ ಸರಿಸಿ ಮುಂದೆ ಬಂದು ನಿಲ್ಲುತ್ತದೆ. ನಂಬು ಅಪ್ಪ, ನಂಬಿದೆ ಅಂತ ಒಂದು ಸಲ ಹೇಳು. ಅಪ್ಪ ಅವನ ಕೆನ್ನೆ ಸವರುತ್ತಿದ್ದ, ಅಷ್ಟೇ. ಕೊನೆಯ ಮಧ್ಯಾಹ್ನ ಹೊದಿಕೆಯ ಮೇಲೆ ಎರಡೂ ಅಂಗೈಯನ್ನು ಮೆಲ್ಲಗೆ ಉಜ್ಜಿದ. ಸಾಕು. ಬದುಕು ಸಾಕೋ ಮಾತು ಸಾಕೋ, ಅವನು ಹೇಳಲಿಲ್ಲ. ಸಂಜೆಗೆ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮೇಲೆ ತಮ್ಮ ಅವಳನ್ನು ಕೇಳಿದ, "ಅಪ್ಪ ಈಗ ಎಲ್ಲಿದ್ದಾನೆ? ಪಾಸ್ಟರನ್ನ ಕೇಳಿ ಹೇಳು."

ಪಾಸ್ಟರ್ ಕೆಟ್ಟವರಲ್ಲ. ಆಸ್ಪತ್ರೆಗೂ ಬಂದಿದ್ದರು, ಗುಂಡಿಗೆ ಮಣ್ಣೂ ಹಾಕಿದ್ದರು. ಸಭೆಯ ಹಿಂದಿನ ಸಣ್ಣ ಕೋಣೆಯಲ್ಲಿ ಅಕ್ಕ ತಮ್ಮ ಇಬ್ಬರನ್ನೂ ಕೂರಿಸಿಕೊಂಡರು.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋಕೆ ನಂಗೆ ಬರಲ್ಲಮ್ಮ," ಅಂದರು. "ನಂಬದೆ ಹೋದವರಿಗೆ ಇನ್ನೊಂದು ದಾರಿ ಇದೆ ಅಂತ ಗ್ರಂಥ ಹೇಳಲ್ಲ. ಅದನ್ನ ಬದಲಿಸೋಕೆ ನಾನ್ಯಾರು? ನಿಮ್ಮಪ್ಪನ ಕೊನೇ ಗಳಿಗೇಲಿ ಒಳಗೆ ಏನಾಯ್ತೋ ದೇವರಿಗೆ ಗೊತ್ತು. ನಂಗೆ ಗೊತ್ತಿಲ್ಲ. ಕ್ಷೇಮವಾಗಿದ್ದಾರೆ ಅಂತ ನಾನು ಹೇಳಲಾರೆ."

ತಮ್ಮ ಅವಳ ಕೈ ನೋಡುತ್ತಾ ಕೂತಿದ್ದ. ಕಣ್ಣು ಮಿಟುಕಿಸುತ್ತಿರಲಿಲ್ಲ.

ಅವಳ ಕೈ ಎದ್ದಿತು. "ದೇವರಿಗೆ ಗೊತ್ತು ಅಂತಾರೆ," ಅಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನ ಮುಖ ನೋಡಿ ನಿಲ್ಲಿಸಲಾಗಲಿಲ್ಲ. "ಅಪ್ಪ ಕ್ಷೇಮ ಅಂತಾರೆ."

ತಮ್ಮ ಎದ್ದು ಪಾಸ್ಟರ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಇಂಥ ಕಟುಮಾತಿಗೆ ಹೀಗೇಕೆ ಅಂತ ಪಾಸ್ಟರಿಗೆ ಗಲಿಬಿಲಿಯಾಯಿತು. ದುಃಖ ಒಬ್ಬೊಬ್ಬರಲ್ಲಿ ಒಂದೊಂದು ಥರ ಅಂದುಕೊಂಡು ಸುಮ್ಮನಾದರು.

ತಮ್ಮ ಮತ್ತೆ ಊಟ ಮಾಡಿದ, ಕೆಲಸಕ್ಕೆ ಹೋದ. ಅಪ್ಪನ ಅಂಗಡಿಯ ಬಾಗಿಲಿಗೆ ತಾನೇ ಪಾಲಿಶ್ ಹಾಕಿ ಬಾಡಿಗೆದಾರನಿಗೆ ಬಿಟ್ಟುಕೊಟ್ಟ. ಅವನು ಗೆಲುವಾದಷ್ಟೂ ಅವಳು ಇಳಿದುಹೋದಳು. ಹಬೆಯ ನಡುವೆ ನಿಂತಾಗಲೂ ಆ ಒಂದು ಮಾತು ಗಂಟಲಲ್ಲಿ ಮುಳ್ಳಾಗಿರುತ್ತಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸುಳ್ಳು ಪಾಪ ಅಂತ ಎಷ್ಟು ಭಾನುವಾರ ಅವಳ ಕೈಯೇ ಹೇಳಿತ್ತೋ.

ಆಮೇಲೆ ಸಾಕ್ಷಿ ಹೇಳುವ ಭಾನುವಾರ ಬಂತು. ದೇವರು ತಮಗೆ ಮಾಡಿದ್ದನ್ನು ಸಭೆಯವರು ಒಬ್ಬೊಬ್ಬರಾಗಿ ಮುಂದೆ ಬಂದು ಹೇಳುವ ದಿನ. ತಮ್ಮ ಎಂದೂ ಹೋದವನಲ್ಲ. ಅವತ್ತು ಎದ್ದ. ಜನರಿಗೆ ಮುಖ ಮಾಡಿ ನಿಂತು ಅಕ್ಕನನ್ನು ಪಕ್ಕಕ್ಕೆ ಕರೆದ. ಅವನು ಕೈಯಲ್ಲಿ ಹೇಳಿದ್ದನ್ನು ಅವಳು ಬಾಯಲ್ಲಿ ಹೇಳಬೇಕು.

ಮೊದಮೊದಲು ಸಲೀಸಾಗಿ ಹೋಯಿತು. ಆಮೇಲೆ ಅವನ ಕೈ ಹೇಳಿತು, "ನನ್ನ ಅಪ್ಪ ಸತ್ತ. ಆದರೆ ಅಪ್ಪ ಕರ್ತನ ಹತ್ತಿರ ಕ್ಷೇಮವಾಗಿದ್ದಾನೆ. ಪಾಸ್ಟರ್ ನನಗೆ ಹೇಳಿದರು. ಅದಕ್ಕೇ ನನಗೆ ಅಳು ಇಲ್ಲ."

ಅವಳು ಪಾಸ್ಟರ ಕಡೆ ನೋಡಿದಳು. ಅವರು ಎರಡು ಮಾರು ದೂರದಲ್ಲಿ ಕೂತಿದ್ದರು. "ನಮ್ಮಪ್ಪ ತೀರಿಕೊಂಡರು," ಅಂದಳು. "ದೇವರು ನನಗೆ ಸಮಾಧಾನ ಕೊಟ್ಟಿದ್ದಾನೆ. ಎಲ್ಲರೂ ನನಗಾಗಿ ಪ್ರಾರ್ಥನೆ ಮಾಡಿ."

ಆಮೆನ್ ಅಂದರು ಜನ. ತಮ್ಮ ನಗುತ್ತಾ ಬಂದು ಕೂತ. ಟೀಚರಮ್ಮ ನಗಲಿಲ್ಲ. ಮೊದಲ ಬೆಂಚಿನಿಂದ ಕೈಯನ್ನೂ ನೋಡಿದ್ದರು, ತುಟಿಯನ್ನೂ ನೋಡಿದ್ದರು. ಕೈಯಕ್ಕನ ತುಟಿಗೆ ಮೀಸೆಯ ಮರೆ ಇರಲಿಲ್ಲ.

ಆಮೇಲೆ ಅವರು ಕೇಳಿದ್ದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಮೆಟ್ಟಿಲು ಇಳಿಯುವಾಗ ತಮ್ಮನನ್ನು ತಡೆದು, ತಮಗೆ ಬಂದಷ್ಟು ಸನ್ನೆಯಲ್ಲಿ, "ನೀನು ಹೇಳಿದ್ದು ಬೇರೆ, ಅವಳ ಬಾಯಿ ಹೇಳಿದ್ದು ಬೇರೆ. ಯಾಕೆ?" ಅಂತ ಕೇಳಿದರು. ತಮ್ಮ ಅಲ್ಲಿಂದಲೇ ವಾಪಸು ಹತ್ತಿ ಹೋಗಿ ಪಾಸ್ಟರ ಮುಂದೆ ನಿಂತ. ಟೀಚರಮ್ಮನೇ ನಡುವೆ ನಿಂತು ಕೇಳಿ ಅವನಿಗೆ ಸನ್ನೆಯಲ್ಲಿ ಹೇಳಬೇಕಾಯಿತು. ಪಾಸ್ಟರ್ ಸುಳ್ಳು ಹೇಳುವವರಲ್ಲ. ಅವತ್ತು ಹೇಳಿದ್ದನ್ನೇ ಹೇಳಿದರು, ಮೆಲ್ಲಗೆ, ತುಟಿ ಕಾಣುವ ಹಾಗೆ ಮೀಸೆಯನ್ನು ಬೆರಳಲ್ಲಿ ಎತ್ತಿ ಹಿಡಿದುಕೊಂಡು.

ಮನೆಗೆ ಬಂದಾಗ ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು.

"ನನ್ನ ಕಿವಿ ನೀನು," ಅಂದಿತು ಅವನ ಕೈ. "ಕಿವಿಯೇ ಸುಳ್ಳು ಹೇಳಿದರೆ ನಾನು ಎಲ್ಲಿಗೆ ಹೋಗಲಿ?"

"ನಿನ್ನ ಮುಖ ನೋಡೋಕಾಗಲಿಲ್ಲ."

"ಇನ್ನೇನೇನು ಸೇರಿಸಿದ್ದೀಯ?"

"ಏನೂ ಇಲ್ಲ. ಅದೊಂದೇ."

"ನನ್ನ ಬದಲಿಗೆ ಸತ್ತ ಅಂದೆಯಲ್ಲ. ಅದು ಪಾಸ್ಟರ್ ಹೇಳಿದ್ದೋ, ನೀನು ಹೇಳಿದ್ದೋ?"

ಅವಳು ಚಾಕು ಕೆಳಗಿಟ್ಟು ಆಣೆ ಮಾಡಿದಳು. ಅದು ಗ್ರಂಥದಲ್ಲಿದೆ, ಹಲಗೆಯ ಮೇಲಿದೆ, ಹೋಗಿ ನೋಡು ಅಂದಳು. ಅವನು ನಿಜವಾಗಿಯೂ ಹೋಗಿ ನೋಡಿದ. ಅವನಿಗೆ ಓದು ಅಷ್ಟಕ್ಕಷ್ಟೆ. ಆದರೂ ದಿನಾ ಸಂಜೆ ಪಾಲಿಶ್ ಬಣ್ಣದ ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತಾ, ಅಕ್ಕ ತಂದು ಕೊಟ್ಟಿದ್ದ ಒಂದೊಂದು ಮಾತನ್ನೂ ಪುಸ್ತಕದಲ್ಲಿ ಹುಡುಕಿ ಖಾತ್ರಿ ಮಾಡಿಕೊಂಡ. ಎಲ್ಲ ಇತ್ತು. ನಂಬದವರ ವಿಷಯವೂ ಇತ್ತು. ಅದನ್ನು ಓದಿದ ಸಂಜೆ ಪುಸ್ತಕ ಮಡಚಿ, ಹೊರಗೆ ಹೋಗಿ ಬೀದಿ ದೀಪದ ಕೆಳಗೆ ನಿಂತುಕೊಂಡ. ಅವಳು ಕಿಟಕಿಯಿಂದ ನೋಡುತ್ತಿದ್ದಳು. ಕರೆಯಲು ಹೋಗಲಿಲ್ಲ. ಕರೆದು ಏನು ಹೇಳುವುದು?

ಅವನು ನಂಬಿಕೆ ಬಿಡಲಿಲ್ಲ, ಅಕ್ಕನ ಕೈಯನ್ನು ಬಿಟ್ಟ. ಸಭೆಯಲ್ಲಿ ಕೊನೆಯ ಬೆಂಚಿಗೆ ಹೋಗಿ ಕೂತು, ಏನೂ ತಿಳಿಯದಿದ್ದರೂ ಪಾಸ್ಟರ ಮುಖವನ್ನೇ ನೋಡುತ್ತಿದ್ದ. ಮುಂದಿನ ವರ್ಷ ಬೇರೆ ಊರಿನಲ್ಲಿ, ಕಿವುಡರೇ ಸೇರಿ ಕಿವುಡರಿಗೆ ಬೋಧಿಸುವ ಸಭೆಯೊಂದಿದೆ ಅಂತ ಗೊತ್ತಾಗಿ, ಅಲ್ಲೇ ಕೆಲಸ ಹುಡುಕಿಕೊಂಡು ಹೋದ. ಬಸ್ಸಿನ ಹತ್ತಿರ ಅಕ್ಕನ ಕಾಲು ಮುಟ್ಟಿದ. ಆಮೇಲೆ ಎರಡೂ ಕೈ ಜೇಬಿಗಿಳಿಸಿ ಬಸ್ಸು ಹತ್ತಿದ.

ಪಾಸ್ಟರ ಮುಂದೆ ಅವಳು ತಪ್ಪು ಒಪ್ಪಿಕೊಂಡಳು. "ಕ್ಷಮೆ ಇದೆಯಮ್ಮ," ಅಂದರು ಅವರು. ಆಮೇಲೆ, "ಅವತ್ತು ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಏನು ಮಾಡ್ತಿದ್ದೆನೋ," ಅಂತಲೂ ಅಂದರು. ಕ್ಷಮೆ ಇದೆ ಅನ್ನುವುದನ್ನು ಅವಳು ನಂಬಿದಳು. ಸ್ಟೂಲಿನ ಮೇಲೆ ಮಾತ್ರ ಮತ್ತೆ ಕೂರಲಿಲ್ಲ. ಟೀಚರಮ್ಮ ಕನ್ನಡಕ ಬದಲಾಯಿಸಿ ಮೀಸೆಯ ಜೊತೆಗೇ ಹೆಣಗಿದರು. ಮರುವರ್ಷ ಅವರೂ ತೀರಿಕೊಂಡರು. ಹೊಸದಾಗಿ ಸಭೆಗೆ ಬಂದವರಿಗೆ ಈ ಇಸ್ತ್ರಿ ಹೆಂಗಸನ್ನು ಕೈಯಕ್ಕ ಅಂತ ಯಾಕೆ ಕರೆಯುತ್ತಾರೋ ತಿಳಿಯುತ್ತಿರಲಿಲ್ಲ.

ತಮ್ಮ ವರ್ಷಕ್ಕೊಮ್ಮೆ ಬರುತ್ತಾನೆ. ಅವನ ಕೈ ಈಗ ಬೇರೆ ಥರ ಓಡುತ್ತದೆ, ಶಾಲೆಯಲ್ಲಿ ಕಲಿತ ಹಾಗೆ ಅಚ್ಚುಕಟ್ಟು. ಅರ್ಧ ಅವಳಿಗೆ ತಿಳಿಯುವುದಿಲ್ಲ. ಅಪ್ಪ ಅನ್ನುವುದಕ್ಕೂ ಅವರಲ್ಲಿ ಬೇರೆ ಸನ್ನೆಯಂತೆ. ಒಂದು ಸಲ ಊಟದ ನಡುವೆ ಅವಳೇ ಕೇಳಿದಳು, "ಅಪ್ಪನ ವಿಷಯ ಏನಂದುಕೊಂಡಿದ್ದೀಯ?"

"ಕೇಳಬೇಡ," ಅಂದ. "ಗೊತ್ತಿಲ್ಲದ್ದನ್ನ ನಾನು ಹೇಳಲ್ಲ." ಆಮೇಲೆ ತಟ್ಟೆಯ ಕಡೆಗೆ ಬಗ್ಗಿದ.

ಹಲಗೆಯ ಮೇಲಿರುವುದನ್ನೆಲ್ಲ ಕೈಯಕ್ಕ ಇವತ್ತಿಗೂ ನಂಬುತ್ತಾಳೆ, ಒಂದೂ ಬಿಡದೆ. ಸತ್ತವರಿಗಾಗಿ ಪ್ರಾರ್ಥನೆ ಮಾಡಿ ಫಲವಿಲ್ಲ, ಬದುಕಿದ್ದಾಗಲೇ ಆಗಬೇಕು ಅನ್ನುವುದೂ ಅವರ ಸಭೆಯ ಬೋಧನೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮಂಚದ ಪಕ್ಕ ಮೊಣಕಾಲೂರಿ ಎಲ್ಲರ ಹೆಸರೂ ಹೇಳುತ್ತಾಳೆ: ಪಾಸ್ಟರು, ದರ್ಜಿ ಹೆಂಗಸು, ನೆಲಮಾಳಿಗೆಯ ಜೊತೆಗಾರ್ತಿಯರು. ಅಭ್ಯಾಸಬಲದಿಂದ "ಅಪ್ಪ" ಅಂತ ಬಾಯಿಗೆ ಬರುತ್ತದೆ. ಅದರ ಮುಂದೆ ಏನು ಹೇಳಬೇಕೋ ಅವಳಿಗೆ ಯಾರೂ ಕಲಿಸಿಲ್ಲ. ಆಮೇಲೆ ತಮ್ಮನ ಹೆಸರು ಹೇಳಿ, ಎದ್ದು, ಬಾಗಿಲಿಗೆ ಬೀಗ ಹಾಕಿಕೊಂಡು ಆಸ್ಪತ್ರೆಗೆ ಹೊರಡುತ್ತಾಳೆ.