ಬಂದು ಹೋಗುವ ಗಂಟು

ಕಳೆದ ವರ್ಷ ನಾನು ಶಹಾಪುರದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯನಾಗಿ ಸೇರಿದ್ದೆ. ಡಿಗ್ರಿ ಹೊಸದು, ಸ್ಟೆತಾಸ್ಕೋಪ್ ಹೊಸದು. ಹಳೆಯದೆಂದರೆ ಅಣಕಿಸುವ ಚಟವೊಂದೇ. ಔಷಧಿ ಕಂಪನಿಯವರ ಇಂಗ್ಲಿಷ್, ಸೂಜಿ ಹಿಡಿದಾಗ ನಡುಗುವ ನನ್ನದೇ ದನಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ನರ್ಸ್ ಶಾಹೀನಾ ಕಾಯಂ ಪ್ರೇಕ್ಷಕಿ.

ಸುರಪುರದಲ್ಲಿ ಹೊಲಿಗೆ ಕೆಲಸ ಮಾಡುವ ಶರಣಮ್ಮ ಎರಡೂವರೆ ವರ್ಷದ ಮಗ ಮಲ್ಲುವನ್ನು ಕರೆತಂದರು. ತೊಡೆಸಂದಿಯಲ್ಲಿ ಗಂಟು ಎಂದರು. ಮುಟ್ಟಿ ನೋಡಿದೆ, ಚರ್ಮದಡಿ ಏನೂ ಇಲ್ಲ.

"ಅಳೂ ಮುಂದ ಬರ್ತದ್ರಿ ಸಾಹೇಬ್ರ, ಮಲಗಿದ್ರ ಹೋಗ್ತದ್ರಿ."

ಮಕ್ಕಳ ಹರ್ನಿಯಾದ ಲಕ್ಷಣವೇ ಅದು. ಅತ್ತೋ ಕೆಮ್ಮಿಯೋ ಹೊಟ್ಟೆ ಬಿಗಿದಾಗ, ಅದರ ಗೋಡೆಯಲ್ಲಿ ಮುಚ್ಚದೆ ಉಳಿದ ಸಂದಿನಿಂದ ಕರುಳು ಚರ್ಮದಡಿಗೆ ಇಳಿಯುತ್ತದೆ, ಮಲಗಿದರೆ ಮತ್ತೆ ಒಳಸರಿಯುತ್ತದೆ. ಅಲ್ಲೇ ಸಿಕ್ಕಿಕೊಂಡರೆ ಮಗುವಿನ ಜೀವಕ್ಕೇ ಕುತ್ತು. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾದವನು ನಾನು. ಆದರೆ ಆಕೆ ರಾಗ ಎಳೆದ ರೀತಿ ನನ್ನ ಕಿವಿಯಲ್ಲಿ ಕೂತಿತು, ಹೇಳಿದ ವಿಷಯ ಕೂರಲಿಲ್ಲ. "ಏನಿಲ್ಲ, ಹೋಗ್ರಿ" ಎಂದೆ.

ಕೆಲವು ದಿನ ಬಿಟ್ಟು ಮತ್ತೆ ಬಂದರು. ಗಂಟು ಆಗಲೂ ಇರಲಿಲ್ಲ. ಅವರು ಬಾಗಿಲು ದಾಟಿ ಹೊರಹೋದದ್ದೇ ತಡ, ನಾನು ಟವೆಲನ್ನು ಸೆರಗಿನಂತೆ ಹೊದ್ದು, "ಬರ್ತದ್ರಿ ಸಾಹೇಬ್ರ... ಹೋಗ್ತದ್ರಿ ಸಾಹೇಬ್ರ..." ಎಂದು ಶುರುಮಾಡಿದೆ.

ಶಾಹೀನಾ ನಗಲಿಲ್ಲ. "ಸರ್, ಸುಮ್ನಾಗ್ರಿ. ಹಿಂದ ನಿಂತಾರ."

ಮತ್ತೆ ಯಾವಾಗ ಬರಬೇಕೆಂದು ಕೇಳಲು ಶರಣಮ್ಮ ಮರಳಿದ್ದರು. ಅವ್ವನ ಮಾತು ಡಾಕ್ಟರ ಬಾಯಿಂದ ಬಂದದ್ದು ಕೇಳಿ, ಕಂಕುಳಲ್ಲಿದ್ದ ಮಲ್ಲು ಕೇಕೆ ಹಾಕಿ, ಉಸಿರುಗಟ್ಟುವಷ್ಟು ನಕ್ಕ. ಆಕೆ ನನ್ನ ಮುಖ ನೋಡಲಿಲ್ಲ. ಮಗನ ಚಡ್ಡಿ ಸರಿಸಿದರು.

"ಈಗ ಬಂದದ. ನೋಡ್ರಿ."

ನೆಲ್ಲಿಕಾಯಿ ಗಾತ್ರದ ಉಬ್ಬು. ಟವೆಲ್ ಇನ್ನೂ ನನ್ನ ತಲೆಯ ಮೇಲಿತ್ತು.

ಯಾದಗಿರಿಯಲ್ಲಿ ಆಪರೇಷನ್ ಆಯಿತು, ಮಲ್ಲು ಚೆನ್ನಾಗಿದ್ದಾನೆ. ಆಮೇಲೆ ಸುರಪುರದ ಕಡೆಯ ತಾಯಂದಿರು ಹೆಚ್ಚು ಬರತೊಡಗಿದರು. "ಕೂಸಿನ್ನ ನಗಿಸಿ ಗಂಟು ಹಿಡಿತಾರ ಅಂತ ಶರಣಮ್ಮ ಹೇಳ್ಯಾಳ್ರಿ" ಎನ್ನುವರು. ಆಕೆ ಬೈದಿದ್ದರೆ ನನಗೆ ಇಷ್ಟು ಸುಡುತ್ತಿರಲಿಲ್ಲ. ಈಗ ತಾಯಿ ಗಂಟು ಇತ್ತು ಎಂದರೆ, ನನಗೆ ಕಾಣದಿದ್ದರೂ ಇತ್ತೆಂದೇ ಲೆಕ್ಕ. ಗಂಟು ಮತ್ತೆ ಬಂದಾಗ ಮೊಬೈಲಿನಲ್ಲಿ ಫೋಟೊ ತೆಗೆಯಿರಿ ಎನ್ನುತ್ತೇನೆ, ಸರ್ಜನ್ ಹತ್ತಿರವೂ ಕಳಿಸುತ್ತೇನೆ.

ಗಾಯ ಮಾಗಿದ್ದನ್ನು ತೋರಿಸಲು ಶರಣಮ್ಮ ಬಂದಾಗ ತಲೆ ತಗ್ಗಿಸಿ ಹೇಳಿದೆ: "ಅವತ್ತ ನಾ ಹುಡುಗನ್ನ ನಗಸಾಕ ಮಾಡಿದ್ದಲ್ಲರಿ. ನಿಮ್ಮನ್ನ ಅಣಕಿಸಾಕತ್ತಿದ್ದೆ."

"ಗೊತ್ತದರಿ ನಂಗ," ಎಂದರು. "ಹಂಗಂತ ಹೇಳಿದ್ರ, ಮಂದಿ ತಮ್ಮ ಕೂಸುಗೋಳ್ನ ನಿಮ್ಮ ಹಂತೇಕ ತರ್ತಾರೇನ್ರಿ?"